ಕರಿಕಂಬಳಿ ಸರದಾರನ ಹಿಂದಿನ ಕಥೆ

ಗಂಡನ ಹೆಸರು ಬಾಯಿಂದ ಆಡಬಾರದು ಎಂಬ ರಿವಾಜನ್ನು ಯಾರು ಮಾಡಿಟ್ಟರೋ ನನಗೆ ಗೊತ್ತಿಲ್ಲ. ಎತ್ತು ಕಣ್ಣಿ ಹರಿದುಕೊಂಡು ಓಡುತ್ತಿರುವಾಗ ಹೊಲದ ಆ ತುದಿಯಲ್ಲಿ ನಿಂತ ಗಂಡನನ್ನು ಕೂಗುವ ಪ್ರಸಂಗ ಅವರಿಗಂತೂ ಬಂದಿರಲಿಕ್ಕಿಲ್ಲ. 'ರೀ' ಎಂದರೆ ನಮ್ಮ ನಿಡೋಣಿಯಲ್ಲಿ ಅರ್ಧ ಊರು ತಿರುಗಿ ನೋಡುತ್ತದೆ. ಉಳಿದ ಹೆಂಗಸರು ಇಂಥವನ ಅಪ್ಪ, ಇಂಥವಳ ಅಪ್ಪ ಎಂದು ಮಕ್ಕಳ ಹೆಸರು ಹಿಡಿದು ಕರೆದು ಪಾರಾಗುತ್ತಾರೆ. ನಮಗೆ ಮಕ್ಕಳಾಗಲಿಲ್ಲ.

ಹೆಸರು ಹೇಳಲಿಕ್ಕೆ ಒಂದು ಕಿಂಡಿ ಇದೆ, ಒಡಪು. ಪ್ರಾಸ ಕಟ್ಟಿ, ಅದರೊಳಗೆ ಗಂಡನ ಹೆಸರು ಕೂಡಿಸಿ ಹೇಳಿದರೆ ದೋಷವಿಲ್ಲ. ಹೊಸ ಸೊಸೆ ಒಡಪು ಹೇಳಿಯೇ ಹೊಸ್ತಿಲು ದಾಟಬೇಕು. ನಾನು ಟಿಕೋಟಾದಿಂದ ಸೊಸೆಯಾಗಿ ಬಂದ ದಿನ ನನ್ನ ನಾದಿನಿ ರೇಣುಕವ್ವ ಬಾಗಿಲಿಗೆ ಅಡ್ಡ ನಿಂತು, "ಹೆಸರ ಹೇಳು ವೈನಿ, ಅಂದ್ರ ಬಿಡತೀನಿ" ಎಂದಳು. ಆಕೆ ಅಂದ ದನಿ ನನಗೆ ಸರಿಬೀಳಲಿಲ್ಲ. "ನಾ ಹೇಳಂಗಿಲ್ಲ" ಎಂದು ನಿಂತೆ. ನಿಂತೆನೆಂದರೆ ನಿಂತೇ ಬಿಟ್ಟೆ. ಒಳಗೆ ಬೀಗರಿಗೆ ಬಡಿಸಿದ ಅನ್ನ ಆರಿತು. ಕಡೆಗೆ ಅತ್ತೆಯೇ ಬಂದು, "ಮೂಗಿನ ಮ್ಯಾಗ ಸಿಟ್ಟು ಇದಕ್ಕ" ಎನ್ನುತ್ತಾ ರಟ್ಟೆ ಹಿಡಿದು ಒಳಗೆ ಎಳೆದುಕೊಂಡರು. ಪಕ್ಕದಲ್ಲಿ ಬಾಸಿಂಗ ಕಟ್ಟಿಕೊಂಡು ನಿಂತಿದ್ದ ಗಂಡ ಮಾತ್ರ ನಗುತ್ತಿದ್ದರು. ಆಮೇಲೆ ಎಷ್ಟೋ ವರ್ಷ, ಜಗಳವಾಡಿ ಸೋತಾಗೆಲ್ಲ, "ನಂದೊಂದು ಒಡಪು ನಿನ್ನ ಕಡೆ ಬಾಕಿ ಐತಿ ನೋಡು" ಎನ್ನುತ್ತಿದ್ದರು.

ನನ್ನ ತೊಂದರೆ ಕಳೆದದ್ದು ನಾಟಕದಿಂದ. ನಮ್ಮೂರಿನ ಗುರುಪಾದಯ್ಯನವರು ಹಾರ್ಮೋನಿಯಂ ಪೇಟಿ ಬಾರಿಸುತ್ತಾರೆ, ನಾಟಕ ಬರೆಯುತ್ತಾರೆ, ಕಲಿಸುತ್ತಾರೆ. ಊರೆಲ್ಲ ಅವರನ್ನು ಮಾಸ್ತರ ಎನ್ನುತ್ತದೆ. ಅವರು 'ಕರಿಕಂಬಳಿ ಸರದಾರ' ಎಂಬ ನಾಟಕ ಬರೆದರು. ಹಗಲು ನೇಗಿಲು ಹೊಡೆಯುವ ಒಬ್ಬ ಒಕ್ಕಲಿಗ. ಊರಿಗೆ ದರೋಡೆಕೋರರು ಬಂದರೆಂದರೆ ಸಾಕು, ಮುಖಕ್ಕೆ ಮುಸುಕು ಕಟ್ಟಿ ಬೆನ್ನಿಗೆ ಕರಿ ಕಂಬಳಿ ಹಾಕಿಕೊಂಡು ಸರದಾರನಾಗುತ್ತಾನೆ. ಆ ಕಂಬಳಿ ಹೊದ್ದವನಿಗೆ ಗುಂಡು ತಾಕುವುದಿಲ್ಲ. ಹೊದ್ದವ ಗಾಳಿಯಲ್ಲಿ ಹಾರುತ್ತಾನೆ. ಹಾರುವುದೆಂದರೆ, ಬೇವಿನ ಮರದ ಟೊಂಗೆಗೆ ಬಾವಿಯ ಹಗ್ಗ ಕಟ್ಟಿ ಜೋತುಬಿದ್ದು, ಬಂಡಿಗಳ ಮೇಲೆ ಹಲಗೆ ಹಾಸಿ ಮಾಡಿದ ರಂಗಮಂಚದ ನಟ್ಟನಡುವೆ ಬಂದು ಇಳಿಯುವುದು. ಮೊದಲ ವರ್ಷ ನಮ್ಮ ಮನೆಯವರು ಹಾಗೆ ಇಳಿದಾಗ ಹೆಂಗಸರ ಕಡೆಯಿಂದ ಎದ್ದ ಕೂಗು ನನಗೆ ಇನ್ನೂ ನೆನಪಿದೆ. ಅದರಲ್ಲಿ ನನ್ನದೂ ಇತ್ತು.

ಅಂದಿನಿಂದ ಊರು ಅವರನ್ನು ಸರದಾರ ಎಂದೇ ಕರೆಯಿತು. ಹೋಳಿ ಹುಣ್ಣಿಮೆಯ ಹೊತ್ತಿಗೆ, ಜೋಳದ ರಾಶಿ ಮುಗಿದ ಮೇಲೆ ಪ್ರತಿ ವರ್ಷ ಅದೇ ನಾಟಕ, ಅವರೇ ಸರದಾರ. ನನಗೋ ದೇವರು ಕೊಟ್ಟ ವರ. "ಸರದಾರ್ರ, ರೊಟ್ಟಿ ಆರಾಕತ್ತಾವ ಬರ್ರಿ" ಎಂದರೆ ಬರುವವರು ಒಬ್ಬರೇ. ಹೆಸರು ಹಿಡಿದಂತೆಯೂ ಅಲ್ಲ, ಹಿಡಿಯದಂತೆಯೂ ಅಲ್ಲ. ಅವರ ನಿಜವಾದ ಹೆಸರನ್ನು ಇಲ್ಲಿಯೂ ಹೇಳಿಲ್ಲ ಎಂಬುದನ್ನು ನೀವು ಗಮನಿಸಿರಬಹುದು. ಹೇಳಬೇಕಾದ ಜಾಗ ಬಂದಾಗ ಹೇಳುತ್ತೇನೆ.

ನಮ್ಮ ಕಡೆ ನಾಟಕದ ನಡುವೆ ಆಹೇರ ಮಾಡುವ ಪದ್ಧತಿಯೂ ಇದೆ. ಪಾತ್ರಧಾರಿಯ ನೆಂಟರು ಧೋತರ, ರುಮಾಲು, ಉಂಗುರ ಏನಾದರೊಂದು ಹಿಡಿದು ಸೀದಾ ರಂಗಮಂಚ ಹತ್ತುತ್ತಾರೆ. ರಾಜ ಯುದ್ಧಕ್ಕೆ ಹೊರಟಿರಲಿ, ರಾಣಿ ಅಳುತ್ತಿರಲಿ, ಆಟ ನಿಲ್ಲುತ್ತದೆ. ಮೈಕಿನಲ್ಲಿ ಕೊಟ್ಟವರ ಹೆಸರು ಕೂಗಿ, ಪಾತ್ರಧಾರಿಗೆ ರುಮಾಲು ಸುತ್ತಿ, ಆಮೇಲೆ ರಾಣಿ ಬಿಟ್ಟಲ್ಲಿಂದ ಅಳುತ್ತಾಳೆ. ಟಿಕೋಟಾದ ನನ್ನ ತಮ್ಮ ಶಿವಗೊಂಡಪ್ಪ ಒಂದು ವರ್ಷವೂ ತಪ್ಪಿಸದೆ ಬಂದು, ಮಾವ ಎಂದೇ ಕರೆಯುವ ನಮ್ಮ ಮನೆಯವರಿಗೆ ಆಹೇರ ಮಾಡುತ್ತಿದ್ದ.

ಎಪ್ಪತ್ತೇಳನೇ ಇಸವಿಯ ನಾಟಕದಲ್ಲಿ ಸರದಾರ್ರು ಹಾರಿ ಇಳಿದಾಗ ಮೊಣಕಾಲು ಲಟಕ್ಕೆಂದಿತು. ಸಪ್ಪಳ ನನ್ನವರೆಗೂ ಕೇಳಿಸಿತು. ಉಳಿದ ನಾಟಕವನ್ನೆಲ್ಲ ಒಂದು ಡಬ್ಬಿಯ ಮೇಲೆ ಕೂತೇ ಆಡಿದರು, ಕೂತೇ ದರೋಡೆಕೋರರನ್ನು ಬಡಿದರು. ದರೋಡೆಕೋರರು ಪಾಪ ತಾವಾಗಿಯೇ ಹತ್ತಿರ ಬಂದು ಏಟು ತಿಂದು ಬಿದ್ದರು. ಜನ ನಗಲಿಲ್ಲ. ಊರು ಅಷ್ಟು ಪ್ರೀತಿ ಮಾಡುತ್ತಿತ್ತು ಅವರನ್ನು. ನನಗೆ ಮಾತ್ರ ಜನ ನಕ್ಕಿದ್ದರೇ ವಾಸಿಯಿತ್ತು ಅನ್ನಿಸಿತು, ಯಾಕೆಂದರೆ ಅವರು ನಗದೆ ಬಿಟ್ಟದ್ದು ಇವರಿಗೆ ನಾಟಿತ್ತು.

ಮನೆಗೆ ಬಂದ ಮೇಲೆ ಬಿಸಿ ಎಣ್ಣೆ ತಿಕ್ಕುತ್ತಾ ನಾನು ಹೇಳಬೇಕಾದದ್ದನ್ನು ಹೇಳಿದೆ. "ಸಾಕಿನ್ನ. ಮುಂದಿನ ವರ್ಷ ಹಾರಿದ್ರ ನಾ ತವರಿಗೆ ಹೋಗಾಕಿ."

"ನೀ ಹ್ವಾದ್ರ ಎಣ್ಣಿ ಯಾರು ತಿಕ್ಕತಾರ?"

"ಆ ದರೋಡೆಕೋರರ್ನ ಕರಸ್ರಿ."

ಮರುವರ್ಷ ಸಂಕ್ರಾಂತಿ ಕಳೆದ ಮೇಲೆ ಮಾಸ್ತರು, ನಮ್ಮ ಮನೆಯವರು, ಸಿದ್ದರಾಯ ಮೂವರೂ ಪರದೆ ಗೊತ್ತುಮಾಡಲು ವಿಜಾಪುರಕ್ಕೆ ಹೋದರು. ಸಿದ್ದರಾಯ ಮಮದಾಪುರದ ಮಲಕವ್ವನ ಮಗ. ಅವರ ಕುರಿಹಿಂಡು ವರ್ಷವೂ ನಮ್ಮ ಹೊಲದಲ್ಲಿ ತಂಗುತ್ತದೆ. ಸರದಾರನ ಕಂಬಳಿ ಅದೇ ಹಿಂಡಿನ ಉಣ್ಣೆಯದು, ಮೊದಲ ನಾಟಕಕ್ಕೆ ಮಲಕವ್ವ ತಾನಾಗಿ ತಂದು ಕೊಟ್ಟದ್ದು. ಸಿದ್ದರಾಯನಿಗೆ ಆಗ ಇಪ್ಪತ್ತೆರಡೋ ಮೂರೋ. ಬೇಲಿ ಇದ್ದರೆ ದಾರಿ ಬಿಟ್ಟು ಬೇಲಿಯನ್ನೇ ಜಿಗಿಯುವ ಪೈಕಿ. ಹಿಂದಿನ ವರ್ಷದ ದರೋಡೆಕೋರರಲ್ಲಿ ಅವನೂ ಒಬ್ಬ.

ಅಲ್ಲಿಯ ಇಬ್ರಾಹಿಂಪುರದಲ್ಲಿ, ನಾಟಕದ ಸಾಮಾನು ಬಾಡಿಗೆಗೆ ಕೊಡುವ ಚಮನಸಾಬನ ಹತ್ತಿರ ಪರದೆ, ಗ್ಯಾಸಬತ್ತಿ ಗೊತ್ತುಮಾಡಿ ಮೂವರೂ ಟಾಕೀಜಿಗೆ ನುಗ್ಗಿದ್ದಾರೆ. ಅದೊಂದು ಮುಸುಕಿನ ವೀರನ ಸ್ಟಂಟ್ ಸಿನಿಮಾ. ಅದೇ ವೀರನದೊಂದು ಸಿನಿಮಾವನ್ನು ಅವರು ಹಿಂದೊಮ್ಮೆ ನೋಡಿದ್ದರು. ಈ ಸಲ ವೀರನ ಪಾತ್ರ ಮಾಡಿದವನೂ ಬೇರೆ, ಅವನ ಕುದುರೆಯೂ ಬೇರೆ. ಹಳೆಯದು ನಡೆದೇ ಇಲ್ಲ ಎಂಬಂತೆ ಕಥೆಯನ್ನು ಮತ್ತೆ ಮೊದಲಿನಿಂದ ಹೇಳಿದ್ದರಂತೆ. ನಮ್ಮ ನಾಟಕವನ್ನು ಈ ಸಲ ಹೇಗೆ ಆಡಬೇಕೆಂದು ಬಬಲೇಶ್ವರದ ಬಸ್ಸಿನಲ್ಲಿ ಶುರುವಾದ ಜಗಳ ನಮ್ಮ ಪಡಸಾಲೆಗೆ ಬಂದು ಕೂತಿತು.

ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಬಡಿಯುವ ಸಪ್ಪಳ ಬೇಕೆಂದೇ ಕಡಿಮೆ ಮಾಡಿದೆ.

ಮಾಸ್ತರು ಹೇಳಿದರು, "ನಾ ಅನ್ನೋದು ಇಷ್ಟ. ಸರದಾರನ ಹಿಂದಿನ ಕಥಿ ಆಡೋಣು. ಅವ ಸರದಾರ ಆಗೋಕಿಂತ ಮೊದಲ ಏನಿದ್ದ, ಕಂಬಳಿ ಎಲ್ಲಿಂದ ಬಂತು, ಇದನ್ನ ಇಷ್ಟ ವರ್ಷ ನಾವು ಹೇಳೇ ಇಲ್ಲ. ಸಿದ್ದರಾಯ ಹರೇದ ಸರದಾರ ಆಗಲಿ. ನೀವು ಅವಗ ಕಂಬಳಿ ಹೊದಸೋ ಹಿರ್ಯಾ ಆಗ್ರಿ. ಕುಂತ ಆಡೋ ಪಾತ್ರ, ಮೊಣಕಾಲಿಗೂ ಆರಾಮ."

"ಬ್ಯಾಡ್ರಿ ಮಾಸ್ತರ" ಎಂದರು ನಮ್ಮವರು. "ಹಿಂದಿನ ಕಥ್ಯಾಗ ಜೀವ ಇರಂಗಿಲ್ಲ. ಹುಡುಗ ಬಾವ್ಯಾಗ ಬಿದ್ದ ಅಂತ ತೋರಸ್ತೀರಿ. ಯಾರ ಎದಿ ಝಲ್ಲ ಅಂತೈತಿ? ಅವ ಸಾಯಂಗಿಲ್ಲ, ಮುಂದ ಸರದಾರ ಆಗತಾನ ಅಂತ ಊರಿಗೆಲ್ಲಾ ಗೊತ್ತೈತಿ. ಮಂದಿ ಬೀಡಿ ಸೇದಕೋತ ಕುಂದರತಾರ."

"ಹಂಗಾರ ಏನ ಮಾಡೂದು?"

"ಸಿನಿಮಾದವರು ಮಾಡ್ಯಾರಲ್ಲ, ಹಂಗ. ಹಳೇದು ಒರಸಿ ಬಿಡ್ರಿ. ಹೊಸಾ ಸರದಾರ, ಹೊಸಾ ಕಥಿ, ಮೊದಲಿಂದ. ಸಿದ್ದರಾಯನ ಸರದಾರ. ನನಗ ಯಾವ ಪಾತ್ರನೂ ಬ್ಯಾಡ, ನಾ ಮುಂದ ಕುಂತ ನೋಡತೀನಿ."

ಸಿದ್ದರಾಯ ಗಾಬರಿಯಾದ. "ಕಾಕಾ, ಹಂಗ ಮಾಡಬ್ಯಾಡ್ರಿ. ಹೊಸದಾಗಿ ಮಾಡಿದ್ರ ಮಂದಿ ನನ್ನ ನಿಮ್ಮ ಜೋಡಿ ತೂಕಕ್ಕ ಹಚ್ಚತಾರ. ಹಿಂದಿನ ಕಥಿ ಆದ್ರ ನಾ ಇನ್ನೂ ಕಲಿಯೋ ಹುಡುಗ, ಎಲ್ಲೆರ ತಪ್ಪಿದ್ರೂ ಸಂಭಾಳಿಸಿಕೋತಾರ."

"ಅದಕ್ಕ ಬ್ಯಾಡ ಅನ್ನೂದು. ತಪ್ಪು ಸಂಭಾಳಿಸಿಕೊಳ್ಳೋ ಮಂದಿ ಮುಂದ ಆಡಬಾರದೋ ತಮ್ಮಾ. ಹೋದ ವರ್ಷ ನನ್ನ ಸಂಭಾಳಿಸಿಕೊಂಡ್ರಲ್ಲ, ಆವಾಗ ಗೊತ್ತಾತು ನನಗ."

ಆ ಮಾತು ಕೇಳಿ ನನ್ನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಮರೆತು ಹೊರಗೆ ಬಂದೆ. ಗಂಡಸರು ಕೂತಲ್ಲಿ ನಾನು ಹೋಗಿ ಮಾತಾಡಿದ್ದು ಅದೇ ಮೊದಲೇನಲ್ಲ, ಹಾಗಾಗಿ ಯಾರೂ ಬೆಚ್ಚಲಿಲ್ಲ.

"ಮಾಸ್ತರ ಹೇಳೂದ ಖರೇ ಐತಿ. ಹಿಂದಿನ ಕಥೀನ ಆಡ್ರಿ" ಎಂದೆ. "ಹಿಂದಿನ ಕಥ್ಯಾಗ ಇವರ ಜಾಗಾ ಇವರಿಗೇ ಇರತೈತಿ."

"ಏ ಶಂಕ್ರಿ, ಒಳಗ ರೊಟ್ಟಿ ಸೀಯಾಕತ್ತೈತಿ ನೋಡು" ಎಂದರು ಇವರು.

"ಸೀಯಲಿ. ಹೋದ ವರ್ಷ ಹಾರಬ್ಯಾಡ್ರಿ ಅಂದಿದ್ದೆ. ಸರದಾರ ಇರಬ್ಯಾಡ್ರಿ ಅಂದಿದ್ದಿಲ್ಲ."

ಅವರು ಎದ್ದು ಕುಂಟುತ್ತಾ ಒಳಗೆ ಹೋದರು. ಟ್ರಂಕು ತೆಗೆದು ಕಂಬಳಿ ತಂದರು. ನಾನೇ ಅಂಚಿಗೆ ಕೆಂಪು ದಾರದ ಹೊಲಿಗೆ ಹಾಕಿದ ಕಂಬಳಿ ಅದು. ಮಡಿಕೆಯನ್ನೂ ಬಿಡಿಸದೆ ಸಿದ್ದರಾಯನ ತೊಡೆಯ ಮೇಲಿಟ್ಟು, ಮೇಲೆ ವೀಳ್ಯದೆಲೆ, ಅಡಿಕೆ ಇಟ್ಟರು. ನಮ್ಮಲ್ಲಿ ಪಾತ್ರಕ್ಕೆ ವೀಳ್ಯ ಕೊಟ್ಟ ಮೇಲೆ ಮುಗಿಯಿತು, ಮತ್ತೆ ಮಾತಿಲ್ಲ. ಮಾಸ್ತರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಒಳಗೆ ರೊಟ್ಟಿ ನಿಜವಾಗಿಯೂ ಸೀದಿತ್ತು.

ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಕರೆದೆ, "ಸರದಾರ್ರ, ಚಾ ಆಗೇತಿ."

ಕಟ್ಟೆಯ ಮೇಲೆ ಕೂತವರು ತಿರುಗಲಿಲ್ಲ. ಇನ್ನೊಮ್ಮೆ ಕರೆದೆ.

"ಸರದಾರ ಅಲ್ಲಿ ಹಟ್ಟ್ಯಾಗ ಕುರಿ ಎಣಸಾಕತ್ತಾನ" ಎಂದರು. "ಚಾ ಅವಗ ಒಯ್ದು ಕೊಡು."

ಮೊದಲು ಚೇಷ್ಟೆ ಎಂದುಕೊಂಡೆ. ಅಲ್ಲ. ಆ ಹೆಸರಿಗೆ ಅವರು ಓಗೊಡುವುದನ್ನೇ ಬಿಟ್ಟರು. ಊರವರು ಕರೆದರೂ, "ಪಾತ್ರ ಕೊಟ್ಟ ಮ್ಯಾಲ ಹೆಸರೂ ಕೊಟ್ಟಂಗ" ಎನ್ನುತ್ತಿದ್ದರು. ಊರವರಿಗೇನು, ಅವರು ನಿಜವಾದ ಹೆಸರು ಹಿಡಿದು ಕರೆಯತೊಡಗಿದರು. ಬಾಯಿ ಕಟ್ಟಿದಂತಾದವಳು ನಾನೊಬ್ಬಳೇ. ಇದ್ದ ಒಂದು ಹೆಸರನ್ನೂ ತೆಗೆದು ಮಮದಾಪುರದ ಹುಡುಗನ ತೊಡೆಯ ಮೇಲೆ ಇಟ್ಟುಬಿಟ್ಟಿದ್ದರು.

ಆ ಒಂದೂವರೆ ತಿಂಗಳು ನಾನು ಗಂಡನನ್ನು ತಾಟು ಬಡಿದು ಕರೆದೆ. ಕೆಮ್ಮಿ ಕರೆದೆ. ಬಳೆ ಅಲ್ಲಾಡಿಸಿ ಕರೆದೆ. ಒಂದು ದಿನ ಎಮ್ಮೆ ಕಡಲೆ ಹೊಲಕ್ಕೆ ನುಗ್ಗಿತು. ಇವರು ದೂರದ ಬದುವಿನ ಮೇಲೆ ಬೆನ್ನು ಹಾಕಿ ನಿಂತಿದ್ದರು. "ರೀ" ಎಂದು ಕೂಗಿದೆ, ಸುತ್ತಲಿನ ನಾಲ್ಕು ಹೊಲಗಳಿಂದ ನಾಲ್ವರು ಗಂಡಸರು "ಏನವಾ" ಎಂದರು. ಇವರು ತಿರುಗಲೇ ಇಲ್ಲ. ರೋಷಕ್ಕೆ ಎಮ್ಮೆಯ ಹೆಸರನ್ನೇ ಕೂಗಿದೆ. ಎಮ್ಮೆ ಬಂತು.

ಅವತ್ತು ಊಟಕ್ಕೆ ಬಡಿಸಿ, ಎದುರಿಗೆ ಕೂತು, ಇದ್ದದ್ದನ್ನು ಇದ್ದಂತೆ ಹೇಳಿದೆ. "ನಿಮಗ ನಾಟಕ ಹೊಸದಾಗಿ ಶುರು ಮಾಡೂದು ಸಸಾರ. ಹಳೇದು ಒರಸಿದ್ರಿ, ಮುಗೀತು. ನನಗ ನಿಮ್ಮ ಬಿಟ್ರ ಯಾರದಾರ? ಅಪ್ಪಾ ಅನ್ನೋ ಮಕ್ಕಳಿದ್ರ ಆ ಹೆಸರಿನ ಮ್ಯಾಲ ಕರೀತಿದ್ನಿ. ಇದ್ದದ್ದೊಂದು ಸರದಾರ. ಅದನ್ನೂ ಕೊಟ್ಟ ಕುಂತ್ರಿ. ನನ್ನನ್ನ ಒಂದ ಮಾತು ಕೇಳಿದ್ರ್ಯಾ?"

ಬಾಯಿಗೆ ಒಯ್ದ ತುತ್ತನ್ನು ಅವರು ತಿರುಗಿ ತಾಟಿನಲ್ಲಿಟ್ಟರು. ಇದು ಅವರ ತಲೆಗೆ ಬಂದೇ ಇರಲಿಲ್ಲ ಎಂಬುದು ಮುಖದಲ್ಲಿ ಕಾಣುತ್ತಿತ್ತು.

"ಮಂದಿ ಮುಂದ ನಾನ ನನ್ನ ಕೈಲೆ ಕಂಬಳಿ ಬಿಚ್ಚಿ ಕೊಡೂದು ನನ್ನ ಕಡಿಂದ ಆಗಂಗಿಲ್ಲ ಶಂಕ್ರಿ" ಎಂದರು. "ಮನ್ಯಾಗ ಮಡಿಕಿ ಮಾಡಿ ಕೊಟ್ಟೆ, ಅಷ್ಟ ನನ್ನ ಧೈರ್ಯ. ಅಲ್ಲಿ ರಂಗಮಂಚದ ಮ್ಯಾಲ ಅಳು ಬಂದ್ರ?"

ಆಮೇಲೆ ನಾನು ಬೈಯಲಿಲ್ಲ. ಇನ್ನೊಂದು ರೊಟ್ಟಿ ಹಾಕಿ, ಮೇಲೆ ಬೆಣ್ಣೆ ಇಟ್ಟೆ.

ಹೋಳಿ ಹುಣ್ಣಿಮೆಯ ಹೊತ್ತಿಗೆ ನಾಟಕ ಬಂತು. ಹೊತ್ತು ಮುಳುಗುತ್ತಲೇ ಚಮನಸಾಬ ಗ್ಯಾಸಬತ್ತಿ ಹಚ್ಚಿದ. ಹೊಸ ಪರದೆಯ ಮೇಲೆ ಕೋಟೆ, ಕೋಟೆಯ ಮೇಲೆ ಒಂದು ನವಿಲು. ಹೆಂಗಸರ ಕಡೆ ರೇಣುಕವ್ವ ನನ್ನ ಪಕ್ಕಕ್ಕೇ ಬಂದು ಕೂತಳು. ನಮ್ಮ ಮನೆಯವರು ಹೇಳಿದಂತೆಯೇ ಗಂಡಸರ ಮೊದಲ ಸಾಲಿನಲ್ಲಿ ಮೊಣಕಾಲು ಚಾಚಿಕೊಂಡು ಕೂತಿದ್ದರು. ಸರದಾರನಾಗಿ ಮರದ ಮೇಲೆ ಅಡಗಿ ಕೂರುತ್ತಿದ್ದವರು ಹೀಗೆ ಜನರ ನಡುವೆ ಟಾವೆಲ್ ಹಾಕಿಕೊಂಡು ಕೂತದ್ದನ್ನು ನೋಡಲಾಗದೆ ನಾನು ಆ ನವಿಲನ್ನೇ ನೋಡುತ್ತಿದ್ದೆ.

ಸಿದ್ದರಾಯ ಹಾರಿದ. ಸುಳ್ಳು ಯಾಕೆ ಹೇಳಲಿ, ಚೆನ್ನಾಗಿ ಹಾರಿದ. ಮುಸುಕು, ಕಂಬಳಿ, ಎತ್ತರ ಎಲ್ಲಾ ಥೇಟ್ ಇವರೇ. ಜನ ಚಪ್ಪಾಳೆ ಹೊಡೆದರು. ಆದರೆ ಹೊಡೆದು ಆದ ಮೇಲೆ ಕೆಲವರು ಮೊದಲ ಸಾಲಿನ ಕಡೆ ಕಣ್ಣು ಹಾಯಿಸಿದರು. ಹುಡುಗ ಹೆದರಿದ್ದ ತೂಕ ಅದೇ. ಅವನ ಮಾತು ತಡವರಿಸತೊಡಗಿತು.

ಅಷ್ಟರಲ್ಲಿ ನನ್ನ ತಮ್ಮ ಶಿವಗೊಂಡಪ್ಪ ಬಂದ. ಟಿಕೋಟಾದಿಂದ ವಿಜಾಪುರಕ್ಕೆ ಬಂದು, ಅಲ್ಲಿ ಬಸ್ಸು ತಪ್ಪಿಸಿಕೊಂಡು, ಬಬಲೇಶ್ವರದಿಂದ ಯಾರದೋ ಬಂಡಿ ಹತ್ತಿ ಬಂದಿದ್ದ. ಮನೆಗೂ ಹೋಗದೆ, ಯಾರನ್ನೂ ಕೇಳದೆ, ಆಹೇರದ ತಾಟು ತಲೆಯ ಮಟ್ಟಕ್ಕೆ ಎತ್ತಿಕೊಂಡು ಸೀದಾ ರಂಗಮಂಚ ಹತ್ತಿದ. ಮಾಸ್ತರ ಕೈಯಿಂದ ಮೈಕು ತಾನೇ ಕಿತ್ತುಕೊಂಡ.

"ಟಿಕೋಟಾದ ಶಿವಗೊಂಡಪ್ಪ, ಇವರು ತಮ್ಮ ಮಾವನವರಾದ ಕರಿಕಂಬಳಿ ಸರದಾರ ಪಾತ್ರಧಾರಿಗೆ, ಒಂದು ಧೋತರ, ಒಂದು ರೇಷ್ಮಿ ರುಮಾಲು, ಒಂದು ಬೆಳ್ಳಿ ಉಂಗುರ ಆಹೇರ" ಎಂದು ಕೂಗಿ, ಸಿದ್ದರಾಯನ ಮುಸುಕಿನ ಮೇಲೆಯೇ ರುಮಾಲು ಸುತ್ತತೊಡಗಿದ.

"ನಾ ಅಲ್ರಿ, ನಾ ಅಲ್ರಿ" ಎನ್ನುತ್ತಿದ್ದ ಹುಡುಗ ಒಳಗಿನಿಂದ. ರುಮಾಲಿನ ಸುತ್ತು ಬಾಯಿಯ ಮೇಲೆ ಬಂದಿತ್ತು. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಮಾಸ್ತರು ಓಡಿ ಬಂದು ತಮ್ಮನ ಕಿವಿಯಲ್ಲಿ ಏನೋ ಹೇಳಿದರು. ತಮ್ಮನ ಕೈ ನಿಂತಿತು.

"ಹಂಗಾರ ನಮ್ಮ ಮಾವ ಎಲ್ಲಿ?" ಎಂದು ಅವನು ಮೈಕಿನಲ್ಲೇ ಕೇಳಿದ. ಆ ಪ್ರಶ್ನೆ ಇಡೀ ನಿಡೋಣಿಗೆ ಕೇಳಿಸಿತು, ನಗೆ ನಿಂತುಹೋಯಿತು.

ಈಗ ಪೇಚು ನೋಡಿ. ಕೂಗಿ ಹೇಳಿದ ಆಹೇರವನ್ನು ತಿರುಗಿ ಒಯ್ಯುವಂತಿಲ್ಲ, ಒಯ್ದರೆ ತವರಿಗೆ ಅವಮಾನ. ನೆಂಟನಲ್ಲದ ಸಿದ್ದರಾಯ ತೆಗೆದುಕೊಳ್ಳುವಂತಿಲ್ಲ. ಪಾತ್ರವಿಲ್ಲದವರು ಆಹೇರಕ್ಕೆ ರಂಗಮಂಚ ಹತ್ತುವಂತಿಲ್ಲ, ಇದು ಮಾಸ್ತರೇ ಹಾಕಿದ ಕಾಯಿದೆ. ಮೊದಲ ಸಾಲಿನಲ್ಲಿ ನಮ್ಮ ಮನೆಯವರು ತಲೆ ತಗ್ಗಿಸಿ, ಟಾವೆಲಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದರು. ಸರದಾರನೂ ಅಲ್ಲ, ಮತ್ತೊಬ್ಬನೂ ಅಲ್ಲ, ಊರ ಮುಂದೆ ಯಾರೂ ಅಲ್ಲದೆ.

ಸಂಕಟವಾದರೆ ನನಗೆ ಸಿಟ್ಟು ಬರುತ್ತದೆ. ಎದ್ದು ನಿಂತೆ.

"ಕುಂದರು ವೈನಿ, ಎಲ್ಲಿ ಹೊಂಟಿ" ಎಂದು ರೇಣುಕವ್ವ ಸೆರಗು ಹಿಡಿದಳು.

"ಬಿಡು ರೇಣವ್ವ. ಅವತ್ತು ಬಾಗಲಾಗ ಕೇಳಿದ್ಯಲ್ಲ, ಈಗ ಹೇಳತೀನಿ ಕೇಳು" ಎಂದೆ. ನನ್ನ ಗಂಟಲಿಗೆ ಮೈಕು ಬೇಕಾಗಿಲ್ಲ. ಕಡಲೆ ಹೊಲದಲ್ಲಿ ಕೂಗಿದ ದನಿಯಲ್ಲೇ ಕೂಗಿದೆ, "ಶಿವಗೊಂಡಾ, ಅಲ್ಲೇ ನಿಂದರು. ಆಹೇರ ಯಾರಿಗಂತ ನಾ ಹೇಳತೀನಿ."

ಗಂಡಸರು, ಹೆಂಗಸರು ಎಲ್ಲ ನನ್ನತ್ತ ತಿರುಗಿದರು. ಇವರೊಬ್ಬರು ತಿರುಗಲಿಲ್ಲ. ಒಡಪು ಎಲ್ಲಿಂದ ಬಂತೋ ಶಿವನೇ ಬಲ್ಲ. ಒಂದೂವರೆ ತಿಂಗಳು ಕರೆಯಲಾಗದೆ ಒಳಗೇ ಕುದ್ದದ್ದು ತಾನಾಗಿ ಸಾಲು ಹಿಡಿದಿರಬೇಕು.

"ಮಮದಾಪುರದ ಕರಿ ಕಂಬಳಿ, ಅಂಚಿಗೆ ಕೆಂಪು ದಾರ,
ಹೊದ್ದವ ಇಂದಿನ ಸರದಾರ, ಹೊದಿಸಿದವ ಹಿಂದಿನ ಸರದಾರ,
ಇಷ್ಟ ವರ್ಷ ಹೊತ್ತಾರ ಅವರ ನನ್ನ ಬಾಯಿಯ ಭಾರ,
ಬಸಗೊಂಡಪ್ಪನವರ ಹೆಸರ ಹೇಳತೀನಿ, ಕೊಡ್ರಿ ಅವರಿಗೇ ಆಹೇರ."

ಮೊದಲು ನಕ್ಕವಳು ರೇಣುಕವ್ವ. ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಎದ್ದ ಕೂಗು ಮೊದಲ ವರ್ಷ ಸರದಾರ ಹಾರಿದಾಗಿನ ಕೂಗಿಗಿಂತ ದೊಡ್ಡದು. ಇದನ್ನು ನನ್ನ ಜಂಬ ಎಂದರೂ ಅನ್ನಿ.

ಇವರು ಎದ್ದರು. ನನ್ನ ಕಡೆ ಒಮ್ಮೆ ನೋಡಿದರು. ಮದುವೆಯ ದಿನ ಬಾಸಿಂಗದ ಕೆಳಗೆ ನಕ್ಕ ಅದೇ ನಗೆ. ಕುಂಟುತ್ತಾ ಮೆಟ್ಟಿಲು ಹತ್ತಿದರು, ಮಾಸ್ತರೇ ಕೈ ಕೊಟ್ಟು ಮೇಲೆ ಎಳೆದುಕೊಂಡರು. ಹಿಂದಿನ ಸರದಾರ ಎಂದು ನಾನು ಕೂಗಿ ಪಾತ್ರ ಕೊಟ್ಟ ಮೇಲೆ ಕಾಯಿದೆಯ ಮಾತು ಯಾರು ಎತ್ತುತ್ತಾರೆ.

ಸಿದ್ದರಾಯ ರುಮಾಲು ಬಿಚ್ಚಿಕೊಂಡು ತಮ್ಮನ ಕೈಗೆ ಕೊಟ್ಟ. ಮುಸುಕು ತೆಗೆದ. ಬೆನ್ನಿನ ಕಂಬಳಿಯನ್ನೂ ಬಿಚ್ಚಿ ಎರಡೂ ಕೈಯಲ್ಲಿ ಇವರ ಮುಂದೆ ಹಿಡಿದು, ಮೊಣಕಾಲೂರಿ ಕೂತ.

"ಮಡಿಕಿ ಮಾಡಿ ಕೊಟ್ಟಿದ್ರಿ ಕಾಕಾ. ಹೊದಿಸಿರಲಿಲ್ಲ" ಎಂದ.

ಇವರು ಕಂಬಳಿ ತೆಗೆದುಕೊಂಡರು. ಅಂಚಿನ ಕೆಂಪು ದಾರವನ್ನು ಹೆಬ್ಬೆರಳಿನಿಂದ ಸವರಿದರು. ಎಲ್ಲಿ ತಾವೇ ಹೊದ್ದು ಮರದ ಕಡೆ ನಡೆದುಬಿಡುತ್ತಾರೋ ಎಂದು ನನಗೆ ನಿಜವಾಗಿಯೂ ಅಂಜಿಕೆಯಾಯಿತು. ಹೊದ್ದುಕೊಳ್ಳಲಿ ಎಂಬ ಆಸೆಯೂ ಇತ್ತು. ಅವರು ಅದನ್ನು ಒಮ್ಮೆ ಗಾಳಿಗೆ ಝಾಡಿಸಿ, ಬಿಡಿಸಿ, ಹುಡುಗನ ಹೆಗಲಿಗೆ ಹೊದಿಸಿ, ಕೊರಳ ಹತ್ತಿರ ಗಂಟು ಹಾಕಿದರು.

"ಇಳಿಯೋ ಮುಂದ ಮೊಣಕಾಲು ಬಗ್ಗಸಬೇಕೋ ತಮ್ಮಾ. ನಾ ಬಗ್ಗಸಲಿಲ್ಲ" ಎಂದರು.

ಬರೆದ ಮಾತಲ್ಲ ಅದು, ನಾಟಕದಲ್ಲಿ ಎಲ್ಲೂ ಇರಲಿಲ್ಲ. ಇವರ ಕಣ್ಣಲ್ಲಿ ನೀರು ಬಂದೇ ಬಂತು, ಅವರು ಅಂಜಿದ್ದೂ ಅದಕ್ಕೇ, ಆದರೆ ಆ ಹೊತ್ತಿಗೆ ಅಳದೇ ಇದ್ದವರು ಅಲ್ಲಿ ಯಾರಿದ್ದರು. ಮಾಸ್ತರು ಪೇಟಿಯ ಮೇಲೆ ಕೈಯಿಟ್ಟು ಸರದಾರನ ಹಾಡು ಹಿಡಿದರು. ತಮ್ಮ ರೇಷ್ಮೆ ರುಮಾಲನ್ನು ಮಾವನ ತಲೆಗೆ ಸುತ್ತಿದ. ಅದಾದ ಮೇಲೆ ಸಿದ್ದರಾಯ ಮತ್ತೆ ಮರ ಹತ್ತಿ ಹಾರಿದ. ಈ ಸಲ ಯಾರೂ ಮೊದಲ ಸಾಲಿನತ್ತ ನೋಡಲಿಲ್ಲ, ಇವರು ರಂಗಮಂಚದ ಮೇಲೆಯೇ ಡಬ್ಬಿಯ ಮೇಲೆ ಕೂತಿದ್ದರು. ಹುಡುಗನ ಮಾತೂ ಆಮೇಲೆ ತಡವರಿಸಲಿಲ್ಲ.

ಅದು ಹೊಸ ಕಥೆಯೋ ಹಿಂದಿನ ಕಥೆಯೋ ಎಂದು ಮಾಸ್ತರು ಇವತ್ತಿಗೂ ಚರ್ಚೆ ಮಾಡುತ್ತಾರೆ. ಹೊಸದಾಗಿ ಶುರುವಾದದ್ದಕ್ಕೆ ನಡುವೆ ಹಿಂದಿನದು ಬಂದು ಸೇರಿತು, ಹಾಗೆ ಯಾವ ಸಿನಿಮಾದಲ್ಲೂ ಮಾಡಿಲ್ಲ ಎನ್ನುತ್ತಾರೆ. ನನ್ನನ್ನು ಕೇಳಿದರೆ ಹೊಸಬ ಬರಲಿ, ಬೇಡ ಎಂದವರಾರು. ಕಂಬಳಿ ಹೊದಿಸಿದವರು ಯಾರು ಎಂಬುದನ್ನು ಒಂದು ಮಾತು ಹೇಳಿ ಬರಲಿ.

ಮರುದಿನ ಬೆಳಿಗ್ಗೆ ಮನೆಯ ತುಂಬ ತಮ್ಮನ ಗದ್ದಲ. ರೊಟ್ಟಿ ಬಡಿದು, ಪುಂಡಿಪಲ್ಯ ಮಾಡಿ, ಕರೆಯಲು ಬಾಗಿಲಿಗೆ ಬಂದೆ. ಇವರು ಕಟ್ಟೆಯ ಮೇಲೆ ಹೊಸ ರುಮಾಲು ಸುತ್ತಿಕೊಂಡು ರಸ್ತೆಯತ್ತ ಮುಖ ಮಾಡಿ ಕೂತಿದ್ದರು.

"ಹಿಂದಿನ ಸರದಾರ್ರ, ರೊಟ್ಟಿ ಆರಾಕತ್ತಾವ ಬರ್ರಿ" ಎಂದೆ.

ತಿರುಗಲಿಲ್ಲ.

"ನಿಮಗ ಹೇಳಿದ್ದು."

"ನಿನ್ನೆ ಬ್ಯಾರೆ ಏನೋ ಅಂದಿದ್ದಿ."

"ಅದನ್ನ ಸುಮ್ಮ ಸುಮ್ಮನ ಅನ್ನಾಕ ಬರಂಗಿಲ್ಲ. ಅದಕ್ಕ ಒಡಪು ಬೇಕು."

"ನನಗೇನ ಅವಸರ ಇಲ್ಲ" ಎಂದರು.

ಒಳಗೆ ತಮ್ಮ ಊಟಕ್ಕೆ ಕೂಗುತ್ತಿದ್ದ, ರೊಟ್ಟಿ ಆರುತ್ತಿತ್ತು. ಅವರು ರಸ್ತೆ ನೋಡುತ್ತಾ, ಚಾಚಿದ ಮೊಣಕಾಲನ್ನು ಮೆಲ್ಲಗೆ ಒತ್ತಿಕೊಳ್ಳುತ್ತಾ ಕೂತೇ ಇದ್ದರು. ನಾನು ಹಿಟ್ಟಿನ ಕೈಯಲ್ಲಿ ಬಾಗಿಲು ಹಿಡಿದು, ರೊಟ್ಟಿಗೆ ಪ್ರಾಸ ಹುಡುಕುತ್ತಾ ಆ ಹಳೆಯ ಹೊಸ್ತಿಲ ಮೇಲೆ ನಿಂತಿದ್ದೆ.